ಎರಡು ಲಾಲ್‌ಬಾಗಿನಷ್ಟು ದೇಶ

ಪ್ರೀತಿಯ ಪುಟಾಣಿಗಳೇ, ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದುವ ತಾತ-ಅಜ್ಜಿಯರೇ,

ಈ ವಾರ ಒಂದು ಒಗಟು. ಅದು ಊರೂ ಹೌದು, ದೇಶವೂ ಹೌದು. ಅಲ್ಲಿ ಅರಮನೆಯಿದೆ, ದೊರೆಯಿದ್ದಾನೆ, ರಾಷ್ಟ್ರಗೀತೆಯಿದೆ, ವಿಶ್ವಸಂಸ್ಥೆಯಲ್ಲಿ ಒಂದು ಕುರ್ಚಿಯೂ ಇದೆ. ಆದರೆ ವಿಮಾನ ನಿಲ್ದಾಣವಿಲ್ಲ, ಕಟ್ಟಲು ಜಾಗವೇ ಇಲ್ಲ! ಯಾವುದು ಹೇಳಿ?

ಮೊನಾಕೊ. ಫ್ರಾನ್ಸಿನ ದಕ್ಷಿಣ ತೀರದಲ್ಲಿ, ಇಟಲಿಯ ಗಡಿಗೆ ಹತ್ತಿರ, ಮೆಡಿಟರೇನಿಯನ್ ಸಮುದ್ರಕ್ಕೆ ಮುಖ ಮಾಡಿ ಕೂತಿರುವ ಪುಟ್ಟ ದೇಶ. ವಿಸ್ತೀರ್ಣ ಸುಮಾರು 2 ಚದರ ಕಿಲೋಮೀಟರ್. ಅದೆಷ್ಟು ಅಂತ ಕಣ್ಣಿಗೆ ಕಟ್ಟಬೇಕಾದರೆ ಬೆಂಗಳೂರಿನ ಲಾಲ್‌ಬಾಗನ್ನು ನೆನೆಸಿಕೊಳ್ಳಿ. ಅದು 240 ಎಕರೆ. ಎರಡು ಲಾಲ್‌ಬಾಗ್‌ಗಳನ್ನು ಅಕ್ಕಪಕ್ಕ ಇಟ್ಟರೆ ಹೆಚ್ಚುಕಡಿಮೆ ಒಂದು ಮೊನಾಕೊ. ಜಗತ್ತಿನಲ್ಲಿ ಇದಕ್ಕಿಂತ ಚಿಕ್ಕ ದೇಶ ಒಂದೇ, ವ್ಯಾಟಿಕನ್. ಈ ಎರಡು ಲಾಲ್‌ಬಾಗಿನೊಳಗೆ 38 ಸಾವಿರಕ್ಕೂ ಹೆಚ್ಚು ಜನ ವಾಸವಾಗಿದ್ದಾರೆ. ಅವರಲ್ಲಿ ದೊಡ್ಡ ದೊಡ್ಡ ಶ್ರೀಮಂತರು ಬಹಳ. ಬಂದರಿನಲ್ಲಿ ಬಿಳಿ ಹಂಸಗಳಂತೆ ವಿಹಾರ ನೌಕೆಗಳು, ರಸ್ತೆಯಲ್ಲಿ ಕನ್ನಡಿಯಂತೆ ಹೊಳೆಯುವ ಕಾರುಗಳು.

ಇಂಥ ಊರಿನಲ್ಲಿ ನಮ್ಮಂಥವರಿಗೆ ಏನು ಕೆಲಸ ಅನ್ನಬೇಡಿ. ಶನಿವಾರ, ಭಾನುವಾರ ಎರಡು ದಿನ ಸಾಕು. ಜೇಬಿಗಿಂತ ಕಾಲು ಗಟ್ಟಿಯಿದ್ದರೆ ಆಯಿತು. ಬನ್ನಿ, ಸುತ್ತೋಣ.

ಶನಿವಾರ: ಬಂಡೆಯ ಮೇಲಿನ ಊರು

ಹತ್ತಿರದ ವಿಮಾನ ನಿಲ್ದಾಣ ಫ್ರಾನ್ಸಿನ ನೀಸ್ ನಗರದಲ್ಲಿದೆ. ಅಲ್ಲಿಂದ ಸಮುದ್ರದ ಅಂಚಿನಲ್ಲೇ ಸಾಗುವ ರೈಲು ಹತ್ತಿದರೆ ಅರ್ಧ ಗಂಟೆಯ ದಾರಿ. ಗಡಿ ಯಾವಾಗ ದಾಟಿದಿರಿ ಎಂಬುದೇ ಗೊತ್ತಾಗುವುದಿಲ್ಲ, ಯಾರೂ ತಡೆದು ಕೇಳುವುದಿಲ್ಲ. ಮೊನಾಕೊದ ರೈಲು ನಿಲ್ದಾಣ ಬೆಟ್ಟದ ಹೊಟ್ಟೆಯೊಳಗೆ ಇದೆ. ನೆಲದ ಮೇಲೆ ಜಾಗ ಉಳಿಸಲೆಂದು ಅದನ್ನು ಸುರಂಗದಲ್ಲೇ ಕಟ್ಟಿದ್ದಾರೆ.

ಊರು ಬೆಟ್ಟದ ಇಳಿಜಾರಿಗೆ ಮೆಟ್ಟಿಲು ಮೆಟ್ಟಿಲಾಗಿ ಅಂಟಿಕೊಂಡಿದೆ. ತಾತ-ಅಜ್ಜಿಯರೇ, ಮಂಡಿ ನೋವೆಂದು ಹೆದರಬೇಡಿ. ಒಂದು ಬೀದಿಯಿಂದ ಮೇಲಿನ ಬೀದಿಗೆ ಹೋಗಲು ಅಲ್ಲಲ್ಲಿ ಸಾರ್ವಜನಿಕ ಲಿಫ್ಟುಗಳಿವೆ. ಕಾಸು ಕೊಡಬೇಕಿಲ್ಲ. ಗುಂಡಿ ಒತ್ತಿ ಬೆಟ್ಟ ಹತ್ತುವ ಊರು ಇದು!

ಮೊದಲು ಹೊಟ್ಟೆಗೆ. ಕೊಂಡಮೀನ್ ಎಂಬ ಬಡಾವಣೆಯಲ್ಲಿ 1880ರಷ್ಟು ಹಳೆಯ ಸಂತೆಕಟ್ಟೆ ಇದೆ. ಅಲ್ಲಿ ‘ಸೊಕ್ಕ’ ಎಂಬ ತಿಂಡಿ ಸಿಗುತ್ತದೆ. ಕಡಲೆಹಿಟ್ಟು, ನೀರು, ಆಲಿವ್ ಎಣ್ಣೆ, ಉಪ್ಪು ಕಲಸಿ, ಅಗಲವಾದ ತಟ್ಟೆಯಲ್ಲಿ ಹರಡಿ, ಬಿಸಿ ಒಲೆಯಲ್ಲಿ ಬೇಯಿಸಿದ್ದು. ನಮ್ಮ ಕಡಲೆಹಿಟ್ಟಿನ ದೋಸೆಯ ದೂರದ ನೆಂಟ ಅನ್ನಿ. ಇನ್ನೊಂದು ‘ಬಾರ್ಬಜುವಾನ್’. ಸೊಪ್ಪು ಮತ್ತು ಗಿಣ್ಣು ತುಂಬಿ ಕರಿದ ಕಡುಬು. ನವೆಂಬರ್ 19ರ ರಾಷ್ಟ್ರೀಯ ದಿನದಂದು ಇದು ಇದ್ದೇ ಇರಬೇಕು.

ಹೊಟ್ಟೆ ತುಂಬಿತೇ? ಈಗ ಬಂಡೆ ಹತ್ತೋಣ. ಹಳೆಯ ಊರು ಇರುವುದು ಸಮುದ್ರಕ್ಕೆ ಚಾಚಿಕೊಂಡ ದೊಡ್ಡ ಬಂಡೆಯ ನೆತ್ತಿಯ ಮೇಲೆ. ಅರಮನೆಯ ಮುಂದೆ ಬೆಳಿಗ್ಗೆ 11 ಗಂಟೆ 55 ನಿಮಿಷಕ್ಕೆ ಸರಿಯಾಗಿ ಕಾವಲುಗಾರರ ಬದಲಾವಣೆ ನಡೆಯುತ್ತದೆ. ಬೇಸಿಗೆಯಲ್ಲಿ ಬಿಳಿ ಸಮವಸ್ತ್ರ, ಚಳಿಗಾಲದಲ್ಲಿ ಕಪ್ಪು. ಐದು ನಿಮಿಷದ ಆಟ, ನೋಡಲು ದುಡ್ಡಿಲ್ಲ.

ಅಲ್ಲೇ ಅರಮನೆಯ ಲಾಂಛನವನ್ನು ಗಮನಿಸಿ. ಇಬ್ಬರು ಸನ್ಯಾಸಿಗಳು ನಿಂತಿದ್ದಾರೆ, ಆದರೆ ಕೈಯಲ್ಲಿ ಕತ್ತಿ! ಸನ್ಯಾಸಿಗೆ ಕತ್ತಿ ಯಾಕೆ? ಅದರ ಹಿಂದೆ ಒಂದು ಕಥೆ ಇದೆ. 1297ರ ಜನವರಿ 8ರ ರಾತ್ರಿ ಫ್ರಾನ್ಸೆಸ್ಕೊ ಗ್ರಿಮಾಲ್ಡಿ ಎಂಬಾತ ಸನ್ಯಾಸಿಯ ವೇಷದಲ್ಲಿ ಬಂದು ಈ ಕೋಟೆಯ ಬಾಗಿಲು ತಟ್ಟಿದನಂತೆ. ಪಾಪ, ಯಾರೋ ಸಾಧು ಎಂದು ಒಳಗೆ ಬಿಟ್ಟರು. ನಿಲುವಂಗಿಯೊಳಗಿಂದ ಕತ್ತಿ ಹೊರಬಂತು, ಅವನ ಹಿಂದೆ ಅವನ ಕಡೆಯವರು ನುಗ್ಗಿದರು, ಕೋಟೆ ಕೈವಶವಾಯಿತು. ಜನ ಅವನಿಗೆ ‘ಮಲೀತ್ಸಿಯ’, ಅಂದರೆ ಕಪಟಿ ಎಂದು ಅಡ್ಡಹೆಸರಿಟ್ಟರು. ನಡುವೆ ಕೆಲವು ಸಲ ಕೈತಪ್ಪಿದರೂ, ಗ್ರಿಮಾಲ್ಡಿ ಮನೆತನ ಇಂದಿಗೂ ಅಲ್ಲೇ ಇದೆ. ಈಗಿನ ದೊರೆ ಎರಡನೇ ಆಲ್ಬರ್ಟ್. ಅವರ ತಾಯಿ ಗ್ರೇಸ್ ಕೆಲ್ಲಿ ಹಾಲಿವುಡ್ಡಿನ ಹೆಸರಾಂತ ನಟಿಯಾಗಿದ್ದವರು. 1956ರಲ್ಲಿ ಇಲ್ಲಿಯ ದೊರೆ ಮೂರನೇ ರೇನಿಯರ್ ಅವರನ್ನು ಮದುವೆಯಾಗಿ ಸಿನಿಮಾ ಬಿಟ್ಟರು. 1982ರಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡರು. ಬಂಡೆಯ ಮೇಲಿನ ದೊಡ್ಡ ಚರ್ಚಿನಲ್ಲಿ ಅವರ ಸಮಾಧಿ ಇದೆ. ಆ ಕಾಲದ ಚಿತ್ರಗಳನ್ನು ನೋಡಿದ ಅಜ್ಜಿಯರು ಇದ್ದರೆ ಮೊಮ್ಮಕ್ಕಳಿಗೆ ಹೇಳಿ.

ಮಧ್ಯಾಹ್ನ ಪೂರ್ತಿ ಒಂದೇ ಜಾಗಕ್ಕೆ ಮೀಸಲಿಡಿ: ಸಾಗರ ವಸ್ತುಸಂಗ್ರಹಾಲಯ. ಬಂಡೆಯ ಅಂಚಿನಲ್ಲಿ, ಸಮುದ್ರದಿಂದ 85 ಮೀಟರ್ ಎತ್ತರಕ್ಕೆ ಎದ್ದು ನಿಂತಿದೆ. ಟಿಕೆಟ್ ಕೊಳ್ಳಬೇಕು, ಆದರೆ ಕೊಟ್ಟ ದುಡ್ಡಿಗೆ ಮೋಸವಿಲ್ಲ. ಇದನ್ನು ಕಟ್ಟಿಸಿದವರು ಮೊದಲನೇ ಆಲ್ಬರ್ಟ್. ಸಿಂಹಾಸನಕ್ಕಿಂತ ಸಮುದ್ರವೇ ಹೆಚ್ಚು ಇಷ್ಟವಾಗಿದ್ದ ದೊರೆ. ಹಡಗುಗಳಲ್ಲಿ ವಿಜ್ಞಾನಿಗಳನ್ನು ಕರೆದುಕೊಂಡು ಮತ್ತೆ ಮತ್ತೆ ಸಾಗರಯಾನ ಮಾಡಿ, ಆಳದ ಜೀವಿಗಳನ್ನು ಸಂಗ್ರಹಿಸಿದರು. 1901ರಲ್ಲಿ ಅವರ ಹಡಗಿನಲ್ಲೇ ರಿಶೆ ಮತ್ತು ಪೋರ್ತಿಯೆ ಎಂಬ ವಿಜ್ಞಾನಿಗಳು ಸಮುದ್ರಜೀವಿಯೊಂದರ ವಿಷವನ್ನು ಪರೀಕ್ಷಿಸಲು ಹೊರಟರು. ಆ ದಾರಿ ಮುಂದೆ ಅಲರ್ಜಿಯ ಬಗ್ಗೆ ದೊಡ್ಡ ಶೋಧಕ್ಕೆ ಕರೆದೊಯ್ದು, ರಿಶೆಗೆ 1913ರಲ್ಲಿ ನೊಬೆಲ್ ಬಹುಮಾನ ಬಂತು. ಸಂಗ್ರಹಾಲಯ 1910ರಲ್ಲಿ ತೆರೆಯಿತು. ಮೇಲಿನ ಅಂತಸ್ತಿನಲ್ಲಿ ತಿಮಿಂಗಿಲದ ಅಸ್ಥಿಪಂಜರ ತೂಗುತ್ತಿದೆ, ಕೆಳಗಿನ ತೊಟ್ಟಿಗಳಲ್ಲಿ ಬಣ್ಣಬಣ್ಣದ ಮೀನುಗಳು, ಹವಳಗಳು. ಗಾಯಗೊಂಡ ಕಡಲಾಮೆಗಳನ್ನು ಆರೈಕೆ ಮಾಡಿ ಮತ್ತೆ ಸಮುದ್ರಕ್ಕೆ ಬಿಡುವ ಕೆಲಸವೂ ಇಲ್ಲಿ ನಡೆಯುತ್ತದೆ.

ಭಾನುವಾರ: ಹೊಳಪಿನ ಹಿಂದಿನ ಲೆಕ್ಕ

ಭಾನುವಾರ ಬಂದರಿನ ಇನ್ನೊಂದು ದಡಕ್ಕೆ, ಮಾಂಟೆ ಕಾರ್ಲೊ ಬಡಾವಣೆಗೆ. ಮೊನಾಕೊ ಅಂದರೆ ಜಗತ್ತು ನೆನಪಿಸಿಕೊಳ್ಳುವುದು ಇಲ್ಲಿಯ ಕ್ಯಾಸಿನೊವನ್ನೇ. ಪ್ಯಾರಿಸ್ಸಿನ ಒಪೆರಾ ಭವನ ಕಟ್ಟಿದ ಶಾರ್ಲ್ ಗಾರ್ನಿಯೆ ಅವರ ಕೈ ಇಲ್ಲಿಯೂ ಆಡಿದೆ. ಜೂಜಿನ ಕೋಣೆಗಳಿಗೆ ಮಕ್ಕಳಿಗೆ ಪ್ರವೇಶವಿಲ್ಲ. ಇನ್ನೂ ಸೋಜಿಗವೆಂದರೆ, ಮೊನಾಕೊದ ಪ್ರಜೆಗಳಿಗೂ ಅಲ್ಲಿ ಜೂಜಾಡುವಂತಿಲ್ಲ! ಹೊರಗಿನವರು ಬಂದು ಆಡಿ ಸೋಲಲಿ, ನಮ್ಮವರ ಮನೆ ಮಾತ್ರ ಹಾಳಾಗಬಾರದು ಎಂಬ ಲೆಕ್ಕ.

ಯಾಕೆ ಹೀಗೊಂದು ಜೂಜುಮನೆ ಬಂತು? ಮೊನಾಕೊ ಮೊದಲು ಇಷ್ಟು ಚಿಕ್ಕದಿರಲಿಲ್ಲ. ಪಕ್ಕದ ಮಾಂತೋ ಮತ್ತು ರೋಕ್‌ಬ್ರೂನ್ ಎಂಬ ಊರುಗಳು ಅದರವೇ ಆಗಿದ್ದವು. ಆ ಊರಿನವರು ತೆರಿಗೆಯ ಭಾರಕ್ಕೆ ಬೇಸತ್ತು 1848ರಲ್ಲಿ ನಾವು ಬೇರೆ ಎಂದುಬಿಟ್ಟರು. 1861ರಲ್ಲಿ ದೊರೆ ಆ ನೆಲದ ಹಕ್ಕನ್ನು ಫ್ರಾನ್ಸಿಗೆ 40 ಲಕ್ಷ ಫ್ರಾಂಕಿಗೆ ಬಿಟ್ಟುಕೊಟ್ಟ. ದೇಶದ ನೂರರಲ್ಲಿ ತೊಂಬತ್ತೈದು ಪಾಲು ಹೋಗಿ, ಉಳಿದದ್ದು ಬಂಡೆ ಮತ್ತು ಅದರ ಸುತ್ತಲಿನ ಒಂದಿಷ್ಟು ನೆಲ. ಹೊಟ್ಟೆಪಾಡು ಹೇಗೆ? ಆ ಊರುಗಳು ಬೇರೆಯಾದ ಮೇಲೆ ಹುಟ್ಟಿದ್ದು ಕ್ಯಾಸಿನೊ ಯೋಜನೆ. ಒಳ್ಳೆಯ ರಸ್ತೆ ಇಲ್ಲದೆ ಮೊದಲು ಯಾರೂ ಬರಲಿಲ್ಲ. 1863ರಲ್ಲಿ ಫ್ರಾನ್ಸ್ವಾ ಬ್ಲಾಂ ಎಂಬ ಜಾಣ ವ್ಯಾಪಾರಿ ಅದನ್ನು ವಹಿಸಿಕೊಂಡ. 1868ರಲ್ಲಿ ರೈಲು ಬಂತು, ರೈಲಿನ ಜೊತೆ ಯೂರೋಪಿನ ಸಿರಿವಂತರು ಬಂದರು. 1869ರ ಹೊತ್ತಿಗೆ ಪ್ರಜೆಗಳ ತೆರಿಗೆಯನ್ನೇ ತೆಗೆದುಹಾಕುವಷ್ಟು ಹಣ ಹರಿಯಿತು.

ಕ್ಯಾಸಿನೊದ ಮುಂದಿನ ರಸ್ತೆಯೇ ಕಾರು ಪಂದ್ಯದ ದಾರಿ. 1929ರಿಂದ ಇಲ್ಲಿ ಮೊನಾಕೊ ಗ್ರಾಂಡ್ ಪ್ರಿ ನಡೆಯುತ್ತಿದೆ. ಬೇರೆ ಮೈದಾನವಿಲ್ಲ. ದಿನವೂ ಬಸ್ಸು ಓಡಾಡುವ ಬೀದಿಗಳಿಗೇ ಬೇಲಿ ಕಟ್ಟಿ ಪಂದ್ಯ ನಡೆಸುತ್ತಾರೆ. ಒಂದು ಸುತ್ತು 3.337 ಕಿಲೋಮೀಟರ್. ರೇಸಿನ ಕಾರಿಗೆ ಅದು ಒಂದು ನಿಮಿಷಕ್ಕಿಂತ ಸ್ವಲ್ಪ ಹೆಚ್ಚು, ನಮಗೆ ನಿಧಾನವಾಗಿ ನಡೆದರೆ ಒಂದು ಗಂಟೆ. ನಡೆದೇ ನೋಡಿ. ಸುರಂಗ ದಾಟಿ ಬಂದರಿಗೆ ಬಂದಾಗ, 1955ರಲ್ಲಿ ಆಲ್ಬರ್ಟೊ ಅಸ್ಕಾರಿ ಕಾರಿನ ಸಮೇತ ಸಮುದ್ರಕ್ಕೆ ಬಿದ್ದು ಬದುಕಿ ಬಂದದ್ದು ನೆನಪಿರಲಿ.

ಪಂದ್ಯದ ಮೊದಲ ತಿರುವಿನಲ್ಲಿ ಸಂತ ಡೆವೋಟಳ ಪುಟ್ಟ ಚರ್ಚು ಇದೆ. ಆಕೆ ಮೊನಾಕೊದ ಊರದೇವತೆ ಇದ್ದ ಹಾಗೆ. ಕಾರ್ಸಿಕಾ ದ್ವೀಪದಲ್ಲಿ ಪ್ರಾಣ ಕಳೆದುಕೊಂಡ ಆಕೆಯ ದೇಹವಿದ್ದ ದೋಣಿ ಬಿರುಗಾಳಿಗೆ ಸಿಕ್ಕಾಗ, ಪಾರಿವಾಳವೊಂದು ದಾರಿ ತೋರಿಸಿ ಇಲ್ಲಿಗೆ ಕರೆತಂದಿತು ಎನ್ನುತ್ತದೆ ಐತಿಹ್ಯ. ಪ್ರತಿ ವರ್ಷ ಜನವರಿ 26ರ ಸಂಜೆ ಚರ್ಚಿನ ಮುಂದೆ ಒಂದು ದೋಣಿಯನ್ನು ಸುಡುತ್ತಾರೆ.

ಸಂಜೆ ರೈಲು ನಿಲ್ದಾಣದಲ್ಲಿ ಸ್ವಲ್ಪ ಹೊತ್ತು ನಿಂತು ನೋಡಿ. ಹೋಟೆಲಿನಲ್ಲಿ ಹಾಸಿಗೆ ಹಾಸುವವರು, ಅಡುಗೆಯವರು, ತೋಟದವರು, ಅಂಗಡಿಯವರು ಫ್ರಾನ್ಸಿನ, ಇಟಲಿಯ ಊರುಗಳಿಗೆ ಮರಳುತ್ತಿರುತ್ತಾರೆ. ಹತ್ತಾರು ಸಾವಿರ ಜನ ಹೀಗೆ ಬಂದು ದುಡಿದು ಹೋಗುತ್ತಾರೆ, ಯಾಕೆಂದರೆ ಮೊನಾಕೊದ ಮನೆಗಳ ಬೆಲೆ ಜಗತ್ತಿನಲ್ಲೇ ಅತ್ಯಂತ ದುಬಾರಿ. ಹೊಳೆಯುವ ಊರನ್ನು ದಿನವೂ ಒರೆಸಿ ಹೊಳೆಯಿಸುವವರು ಇವರು.

ದುಡ್ಡಿಗೆ ಸಿಗದ ಒಂದು ವಸ್ತು

ನೆಲ ಕಳೆದುಕೊಂಡ ಮೊನಾಕೊ ನೆಲವನ್ನು ಮತ್ತೆ ಗಳಿಸಿತು. ಸಮುದ್ರಕ್ಕೆ ಕಲ್ಲುಮಣ್ಣು ತುಂಬಿ 1970ರ ದಶಕದಲ್ಲಿ ಫೊಂವಿಯೇಯ್ ಎಂಬ ಹೊಸ ಬಡಾವಣೆಯನ್ನೇ ಎಬ್ಬಿಸಿತು. 2024ರಲ್ಲಿ ಮತ್ತೊಂದು, ಮಾರೆತೆರ್ರ. ಹಣವಿದ್ದರೆ ಸಮುದ್ರವನ್ನೂ ನೆಲ ಮಾಡಬಹುದು.

ಆದರೆ ಅದೇ ಮೊನಾಕೊ ಇನ್ನೊಂದನ್ನು ಕಳೆದುಕೊಳ್ಳುವುದರಲ್ಲಿತ್ತು. ಅದರ ಮಾತು. ಮೊನೆಗಾಸ್ಕ್ ಎಂಬ ಆ ಭಾಷೆ ಇಟಲಿಯ ಜಿನೋವಾ ಕಡೆಯ ನುಡಿಯ ನೆಂಟ. ಬಂಡೆಯ ಮೇಲಿನ ಮನೆಗಳಲ್ಲಿ ಅಡುಗೆಮನೆಯ, ಜಗಲಿಯ, ಮೀನು ಹಿಡಿಯುವವರ ಮಾತು ಅದು. ಶಾಲೆ, ಕಚೇರಿ, ವ್ಯಾಪಾರ ಎಲ್ಲ ಫ್ರೆಂಚಿಗೆ ತಿರುಗಿದ ಮೇಲೆ, ಮಕ್ಕಳು ಮನೆಯಲ್ಲೂ ಫ್ರೆಂಚೇ ಆಡತೊಡಗಿದರು. ಮೊನೆಗಾಸ್ಕ್ ಮುದುಕರ ಬಾಯಲ್ಲಿ ಮಾತ್ರ ಉಳಿಯಿತು. ಬರೆದಿಟ್ಟದ್ದೂ ಬಹಳ ಕಡಿಮೆ.

ಲೂಯಿ ನೊತಾರಿ ಎಂಬವರು ವೃತ್ತಿಯಿಂದ ಇಂಜಿನಿಯರು. ಅವರು 1927ರಲ್ಲಿ ಆ ಸಂತ ಡೆವೋಟಳ ಕಥೆಯನ್ನೇ ಮೊನೆಗಾಸ್ಕಿನಲ್ಲಿ ಕಾವ್ಯವಾಗಿ ಬರೆದರು. ಈ ಭಾಷೆಯ ಸಾಹಿತ್ಯ ಶುರುವಾದದ್ದೇ ಅಲ್ಲಿಂದ ಎನ್ನುತ್ತಾರೆ. ಇಂದು ಮೊನಾಕೊದವರು ಹಾಡುವ ರಾಷ್ಟ್ರಗೀತೆಯ ಮಾತುಗಳೂ ಅವರವೇ. 1960ರಲ್ಲಿ ಲೂಯಿ ಫ್ರೊಲ್ಲ ಎಂಬ ಪಾದ್ರಿ ವ್ಯಾಕರಣ ಬರೆದರು, ಆಮೇಲೆ ನಿಘಂಟು. 1976ರಿಂದ ಶಾಲೆಗಳಲ್ಲಿ ಮಕ್ಕಳು ಅದನ್ನು ಕಲಿಯುತ್ತಿದ್ದಾರೆ. ಬಂಡೆಯ ಮೇಲಿನ ಬೀದಿಗಳಲ್ಲಿ ಫಲಕಗಳು ಈಗ ಎರಡು ಭಾಷೆಗಳಲ್ಲಿವೆ. ನಡೆಯುವಾಗ ತಲೆ ಎತ್ತಿ ಓದಿ. ಮೊನಾಕೊಗೆ ಆ ಭಾಷೆಯಲ್ಲಿ ‘ಮೂನೆಗು’ ಎನ್ನುತ್ತಾರೆ. ನಮಸ್ಕಾರಕ್ಕೆ ‘ಬುನ್ ಜುರ್ನು’.

ಹೀಗೆ ಅಲ್ಲಿ ತಲೆಕೆಳಗಾದ ಸಂಗತಿಯೊಂದು ನಡೆಯಿತು. ಅಪ್ಪ-ಅಮ್ಮನಿಗೆ ಬಾರದ ಮಾತನ್ನು ಮಗು ಶಾಲೆಯಿಂದ ಕಲಿತು ಬಂದು ಮನೆಯಲ್ಲಿ ಆಡುತ್ತದೆ. ಮೂಲೆಯಲ್ಲಿ ಕೂತ ಅಜ್ಜಿಗೆ ಮಾತ್ರ ಅದು ಅರ್ಥವಾಗುತ್ತದೆ! ಭಾಷೆ ಉಳಿಯಿತೇ ಎಂದರೆ, ಪೂರ್ತಿ ಉಳಿಯಿತು ಎನ್ನಲಾಗದು. ಶಾಲೆಯಲ್ಲಿ ಕಲಿತದ್ದು ಬೀದಿಗೆ ಇಳಿಯುವುದು ಕಷ್ಟ. ಸಮುದ್ರಕ್ಕೆ ಮಣ್ಣು ತುಂಬಲು ಯಂತ್ರವಿದೆ, ಮಾತು ತುಂಬಲು ಯಂತ್ರವಿಲ್ಲ. ಅದಕ್ಕೆ ಆಡುವ ಒಂದು ಹಿರಿಯ ಬಾಯಿ, ಕೇಳುವ ಒಂದು ಎಳೆಯ ಕಿವಿ ಬೇಕು. ಎರಡೂ ಒಂದೇ ಮನೆಯಲ್ಲಿ, ಒಂದೇ ಹೊತ್ತಿನಲ್ಲಿ ಇರಬೇಕು.

ಈ ವಾರದ ಮನೆಗೆಲಸ

ಮಕ್ಕಳೇ, ನಿಮ್ಮ ತಾತನನ್ನೋ ಅಜ್ಜಿಯನ್ನೋ ಹಿಡಿದು ಕೂರಿಸಿ. ಅವರು ಚಿಕ್ಕಂದಿನಲ್ಲಿ ಆಡುತ್ತಿದ್ದ, ಈಗ ನಿಮ್ಮ ಮನೆಯಲ್ಲಿ ಯಾರೂ ಆಡದ ಹತ್ತು ಮಾತುಗಳನ್ನು ಕೇಳಿ ಬರೆದುಕೊಳ್ಳಿ. ಪಾತ್ರೆಯ ಹೆಸರಾಗಬಹುದು, ಮಳೆಯ ಹೆಸರು, ಆಟದ ಹೆಸರು, ಬೈಗುಳವಾದರೂ ಸರಿ! ಕನ್ನಡವಿರಲಿ, ತುಳುವಿರಲಿ, ಕೊಂಕಣಿ, ಕೊಡವ, ಬ್ಯಾರಿ, ಉರ್ದು ಇರಲಿ, ಮನೆಯ ಮಾತು ಯಾವುದೋ ಅದರಲ್ಲಿ. ಬರೆದ ಮೇಲೆ ಮುಂದಿನ ಭಾನುವಾರದೊಳಗೆ ಪ್ರತಿ ಮಾತನ್ನೂ ಒಂದು ಸಲವಾದರೂ ಬಳಸಿ.

ತಾತ-ಅಜ್ಜಿಯರೇ, ಮೊಮ್ಮಕ್ಕಳು ತಪ್ಪು ಉಚ್ಚರಿಸಿದರೆ ನಗಬೇಡಿ. ಇನ್ನೊಮ್ಮೆ ಹೇಳಿಕೊಡಿ.

ಮುಂದಿನ ವಾರ ಇನ್ನೊಂದು ಊರಿನಲ್ಲಿ ಸಿಗೋಣ. ಅಲ್ಲಿಯವರೆಗೆ, ಬುನ್ ಜುರ್ನು!