ಗಾಳಿಸುದ್ದಿಯೂ ಗೈಗರ್ ಮಾಪಕವೂ

2025ನೆಯ ಇಸವಿ ಮೇ ತಿಂಗಳಿನಲ್ಲಿ ಭಾರತಕ್ಕೂ ಪಾಕಿಸ್ತಾನಕ್ಕೂ ನಾಲ್ಕು ದಿನ ನಡೆದ ಕಾಳಗ ನಿಂತೊಡನೆ ಒಂದು ಸುದ್ದಿ ಮೊಬೈಲಿನಿಂದ ಮೊಬೈಲಿಗೆ ಹಾರಿತು. ಸರ್ಗೋಧಾ ಬಳಿಯ ಕಿರಾನಾ ಬೆಟ್ಟಗಳ ಮೇಲೆ ನಮ್ಮವರು ಬಾಂಬು ಹಾಕಿದರೆಂದೂ, ಅಲ್ಲಿ ಅಡಗಿಸಿಟ್ಟಿದ್ದ ಅಣ್ವಸ್ತ್ರಗಳು ಒಡೆದು ವಿಕಿರಣ ಸೋರುತ್ತಿದೆಯೆಂದೂ ಅದರ ಸಾರ. ರಜೆ ಮುಗಿಸಿ ಬಂದ ಮೋರಖಂಡಿಯ ವಿದ್ಯಾರ್ಥಿಯೊಬ್ಬನು ನಮ್ಮನ್ನು ಕೇಳಿದನು: "ಆ ಗಾಳಿ ನಮ್ಮೂರಿಗೂ ಬರ್ತದೇನ್ರಿ ಸರ್?" ಪಕ್ಕದಲ್ಲಿದ್ದವನು ನಕ್ಕು, "ಅವರಿಗಂತೂ ಸರಿಯಾಗಿ ಬಿತ್ತಲ್ರಿ" ಎಂದನು. ಒಬ್ಬನು ಹೆದರಿದ್ದನು, ಮತ್ತೊಬ್ಬನು ಹಿಗ್ಗಿದ್ದನು. ಸುದ್ದಿ ನಿಜವೇ ಎಂದು ಇಬ್ಬರೂ ಕೇಳಲಿಲ್ಲ.

ಕಿರಾನಾ ಬೆಟ್ಟವನ್ನು ತಾವು ಹೊಡೆದಿಲ್ಲವೆಂದು ಏರ್ ಮಾರ್ಷಲ್ ಎ. ಕೆ. ಭಾರ್ತಿಯವರು ಮೇ 12ರಂದೇ ತಿಳಿಸಿದರು. ಪಾಕಿಸ್ತಾನದ ಯಾವ ಅಣುಸ್ಥಾವರದಿಂದಲೂ ವಿಕಿರಣ ಸೋರಿಲ್ಲವೆಂದು ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಯೂ ಆ ವಾರವೇ ಹೇಳಿತು. ಆದರೆ ದೊಡ್ಡವರು ಹೇಳಿದರೆಂದು ನಂಬಿ ಸುಮ್ಮನಾಗುವುದೂ ವಿಜ್ಞಾನವಲ್ಲ. ವಿಕಿರಣವು ಅಳೆಯಬಹುದಾದ ವಸ್ತು. ಅಳೆದವರಾರು? ಏರಿಕೆ ಮೊದಲಾದುದು ಯಾವಾಗ? ಕಂಡ ಧಾತು ಯಾವುದು? ಈ ಮೂರು ಪ್ರಶ್ನೆಗಳನ್ನು ಯಾರು ಬೇಕಾದರೂ ಕೇಳಬಹುದು. ನಮಗೆ ಬಂದ ಸಂದೇಶಗಳಲ್ಲಿ ಇವುಗಳಲ್ಲಿ ಒಂದಕ್ಕೂ ಉತ್ತರವಿರಲಿಲ್ಲ.

ಅಂಕಿಯೊಂದು ಏರಿದ ಮಾತ್ರಕ್ಕೆ ಸೋರಿಕೆ ಸಿದ್ಧವಾಗುವುದಿಲ್ಲ. 2023ರ ಮೇ 13ರಂದು ಉಕ್ರೇನಿನ ಖ್ಮೆಲ್‌ನಿತ್‌ಸ್ಕಿಯಲ್ಲಿ ಮದ್ದುಗುಂಡಿನ ಉಗ್ರಾಣ ಸಿಡಿಯಿತು. ಅಲ್ಲಿದ್ದ ಯುರೇನಿಯಂ ಗುಂಡುಗಳು ಉರಿದು ವಿಷದ ಮೋಡ ಪೋಲೆಂಡಿನ ಕಡೆಗೆ ಹೊರಟಿದೆಯೆಂದು ಸುದ್ದಿ ಹಬ್ಬಿತು. ಪೋಲೆಂಡಿನ ಲುಬ್ಲಿನ್ ನಗರದ ಮಾಪಕದಲ್ಲಿ ಏರಿಕೆ ಕಂಡದ್ದು ನಿಜವೇ. ಆದರೆ ಅಲ್ಲಿ ದೊರೆತ ಧಾತು ಬಿಸ್ಮತ್-214; ಅದನ್ನು ಇಳಿಸಿದುದು ಮಳೆ. ಗುಂಡಿಗೆ ಬಳಸುವ ಶೋಧಿತ ಯುರೇನಿಯಂನಲ್ಲಿ ಬಿಸ್ಮತ್-214 ಗಣ್ಯವಾಗಿ ಬೆಳೆಯಲು ಸಾವಿರಾರು ವರ್ಷ ಬೇಕು. ಧಾತುವಿನ ಹೆಸರೊಂದೇ ವದಂತಿಯನ್ನು ಸುಳ್ಳಾಗಿಸಿತು.

ಇದು ಮೋರಖಂಡಿಯಲ್ಲಿಯೂ ನಡೆಯುವ ಸಂಗತಿ. ನೆಲದೊಳಗಿನ ಯುರೇನಿಯಂನಿಂದ ರೇಡಾನ್ ಅನಿಲ ಹುಟ್ಟಿ ಗಾಳಿಗೆ ಸೇರುತ್ತದೆ. ಅದು ಕ್ಷಯಿಸಿ ಆಗುವ ಸೀಸ-214, ಬಿಸ್ಮತ್-214 ಧೂಳಿಗೆ ಅಂಟಿ ತೇಲುತ್ತಿರುತ್ತವೆ. ಮಳೆ ಅವನ್ನು ತೊಳೆದು ನೆಲಕ್ಕೆ ಇಳಿಸುತ್ತದೆ. ಇವುಗಳ ಅರ್ಧಾಯು ಕ್ರಮವಾಗಿ ಸುಮಾರು 27 ಮತ್ತು 20 ನಿಮಿಷ. ಆದುದರಿಂದ ಮಳೆ ನಿಂತ ಕೆಲವು ತಾಸುಗಳಲ್ಲಿ ಏರಿಕೆ ಇಳಿದುಹೋಗುತ್ತದೆ. 30 ವರ್ಷ ಅರ್ಧಾಯುವಿನ ಸೀಸಿಯಂ-137 ಬಿದ್ದಿದ್ದರೆ ಹಾಗೆ ಇಳಿಯುತ್ತಿರಲಿಲ್ಲ.

ನಿಜವಾದ ಸೋರಿಕೆಯನ್ನು ಮುಚ್ಚಿಡುವುದೂ ಸುಲಭವಲ್ಲ. 1986ರ ಏಪ್ರಿಲ್ 26ರಂದು ಚೆರ್ನೋಬಿಲ್ ಸಿಡಿದಾಗ ಸೋವಿಯತ್ ಸರಕಾರ ಬಾಯಿ ಬಿಡಲಿಲ್ಲ. 28ರಂದು ಸುಮಾರು 1100 ಕಿಲೋಮೀಟರ್ ದೂರದ ಸ್ವೀಡನ್ನಿನ ಫೋರ್ಸ್‌ಮಾರ್ಕ್ ಸ್ಥಾವರದಲ್ಲಿ ಕೆಲಸಗಾರನೊಬ್ಬನ ಪಾದರಕ್ಷೆಯ ಮೇಲಿನ ಧೂಳು ಗುಟ್ಟನ್ನು ಹೊರಗೆಡಹಿತು. ಒಂದು ಎಚ್ಚರಿಕೆ ಮಾತ್ರ ಅಗತ್ಯ: ಉಗ್ರಾಣದಲ್ಲಿರುವ ಅಣ್ವಸ್ತ್ರವು ಉರಿಯುವ ರಿಯಾಕ್ಟರಿನಂತಲ್ಲ. ಅದು ಒಡೆದರೆ ಚೆಲ್ಲುವುದು ಪ್ಲುಟೋನಿಯಂ ಅಥವಾ ಯುರೇನಿಯಂ, ಅಯೋಡಿನ್-131 ಅಲ್ಲ. ಪ್ಲುಟೋನಿಯಂ ಹೊರಸೂಸುವ ಆಲ್ಫಾ ಕಣಗಳನ್ನು ಒಂದು ಹಾಳೆ ಕಾಗದವೂ ತಡೆಯುತ್ತದೆ. ಸಾಧಾರಣ ಗೈಗರ್ ಮಾಪಕಕ್ಕೆ ಅವು ಸಿಕ್ಕದೆ ಹೋಗಬಹುದು. ಗಾಳಿಯನ್ನು ಸೋಸಿ, ಸೋಸುಹಾಳೆಯನ್ನು ಪ್ರಯೋಗಶಾಲೆಯಲ್ಲಿ ಪರೀಕ್ಷಿಸಬೇಕು.

ಭಾಭಾ ಪರಮಾಣು ಸಂಶೋಧನ ಕೇಂದ್ರವು ದೇಶದಾದ್ಯಂತ ವಿಕಿರಣಮಾಪಕಗಳ ಜಾಲವನ್ನು ನಡೆಸುತ್ತಿದೆ. ಇಂತಹ ಗಳಿಗೆಯಲ್ಲಿ ಅದರ ಅಳತೆಗಳು ಕನ್ನಡದಲ್ಲಿ, ಗಂಟೆ ಗಂಟೆಗೆ, ಜನರ ಕೈಗೆ ಸಿಗಬೇಕೆಂಬುದು ನಮ್ಮ ಅಭಿಪ್ರಾಯ. "ಹೆದರಬೇಡಿ" ಎಂಬ ಪ್ರಕಟಣೆಗಿಂತ ಒಂದು ಅಂಕಿ ಹೆಚ್ಚು ಧೈರ್ಯ ಕೊಡುತ್ತದೆ.

ಹೆದರಿದ ವಿದ್ಯಾರ್ಥಿಗೆ ಈ ಉತ್ತರ ಸಾಕಾದೀತು. ಹಿಗ್ಗಿದವನ ವಿಷಯದಲ್ಲಿಯೇ ನಮಗೆ ಹೆಚ್ಚು ಚಿಂತೆ. ವಿಷದ ಗಾಳಿಗೆ ಗಡಿಯಿಲ್ಲ. ಅದು ಬೀಸಿದ್ದರೆ ಮೊದಲು ತಾಗುತ್ತಿದ್ದುದು ಸರ್ಗೋಧಾದ ಮಕ್ಕಳಿಗೆ, ಅನಂತರ ಪಂಜಾಬಿನ ನಮ್ಮ ರೈತರಿಗೆ. ನಮಗೆ ಹಿತವಾದ ಸುದ್ದಿಯನ್ನೇ ಮೊದಲು ಅಳೆದು ನೋಡುವುದು ವಿಜ್ಞಾನದ ವಿದ್ಯಾರ್ಥಿಯ ಧರ್ಮ. ಅಹಿತವಾದುದನ್ನು ಅಳೆಯಲು ಯಾರೂ ಹೇಳಿಕೊಡಬೇಕಾಗಿಲ್ಲ.