ಕಥೆ ಬರೀಬೇಡ

ಕಬ್ಬಿಣದ ಮೊಳೆಯನ್ನು ತಾಮ್ರದ ಸಲ್ಫೇಟ್ ದ್ರಾವಣದಲ್ಲಿ ಮುಳುಗಿಸಿದರೆ ದ್ರಾವಣದ ಬಣ್ಣ ಬದಲಾಗುವುದೇಕೆ? ಹತ್ತನೇ ತರಗತಿಯ ಮಾಮೂಲಿ ಪ್ರಶ್ನೆ. ಪಕ್ಕದ ಮನೆಯ ಹುಡುಗಿ ಮೊನ್ನೆಯ ಕಿರುಪರೀಕ್ಷೆಯಲ್ಲಿ ಹೀಗೆ ಬರೆದಿದ್ದಳು: ‘ಕಬ್ಬಿಣ ತಾಮ್ರಕ್ಕಿಂತ ಹೆಚ್ಚು ಕ್ರಿಯಾಶೀಲವಾದ್ದರಿಂದ ತಾಮ್ರವನ್ನು ಹೊರಗೆ ತಳ್ಳಿ ಆ ಜಾಗದಲ್ಲಿ ತಾನು ಸೇರಿಕೊಳ್ಳುತ್ತದೆ. ಹಾಗಾಗಿ ನೀಲಿ ಮಾಸಿ ತಿಳಿಹಸಿರಾಗುತ್ತದೆ.’ ಎಷ್ಟು ಚೆಂದ! ಪಕ್ಕದಲ್ಲೇ ಕೆಂಪು ಶಾಯಿ: ‘ಕಥೆ ಬರೀಬೇಡ. ಪಾಯಿಂಟ್ಸ್ ಬರೆ.’ ಎರಡಕ್ಕೆ ಒಂದು ಅಂಕ.

ಪೂರ್ತಿ ಅಂಕ ಗಿಟ್ಟಿಸಿದ ಗೆಳತಿಯ ಉತ್ತರವನ್ನೂ ಹೇಳಿದಳು. ಒಂದು, ಕಬ್ಬಿಣ ಕ್ರಿಯಾಶೀಲ. ಎರಡು, ಸ್ಥಾನಪಲ್ಲಟ. ಮೂರು, ನೀಲಿ–ಹಸಿರು. ಯಾವುದು ಯಾವುದನ್ನು ತಳ್ಳಿತು, ತಳ್ಳಿದ್ದಕ್ಕೂ ಬಣ್ಣಕ್ಕೂ ಏನು ನಂಟು ಎಂಬುದೆಲ್ಲ ಓದುವವರ ಪಾಡು. ಆ ಶಾಲೆಯ ಗೋಡೆಯ ಮೇಲೆ ಬಸವಣ್ಣನವರ ಮುತ್ತಿನ ಹಾರದ ವಚನ ದಪ್ಪಕ್ಷರದಲ್ಲಿದೆ. ಒಳಗೆ ಮಾತ್ರ ಮುತ್ತು ಎಣಿಸಿ ಅಂಕ ಕೊಡುತ್ತಾರೆ. ದಾರ ಕಂಡರೆ ಕತ್ತರಿಸುತ್ತಾರೆ.

ಸಮಾಜ ವಿಜ್ಞಾನದಲ್ಲೂ ಇದೇ ಹಾಡು. ‘ಡಾಲ್‌ಹೌಸಿ, ದತ್ತು ಮಕ್ಕಳು, ಝಾನ್ಸಿ, 1857’ ಎಂದು ಸಾಲಾಗಿ ಬರೆದ ಹುಡುಗನನ್ನು, ರಾಜ ದತ್ತು ತೆಗೆದುಕೊಂಡರೆ ರಾಜ್ಯ ಯಾಕಪ್ಪ ಕೈತಪ್ಪಬೇಕು ಎಂದು ಕೇಳಿ ನೋಡಿ. ಪಿಳಿಪಿಳಿ ಕಣ್ಣು ಬಿಡುತ್ತಾನೆ. ರಾಶಿ ಉತ್ತರಪತ್ರಿಕೆ ತಿದ್ದುವವರ ಕಷ್ಟ ನನಗೂ ಗೊತ್ತು. ಕೀ ಉತ್ತರದ ಪದ ಕಣ್ಣಿಗೆ ಬಿದ್ದರೆ ಟಿಕ್ ಹಾಕುವುದು ಸುಲಭ. ಆದರೆ ತಮಗೆ ಏನು ಅರ್ಥವಾಗಿಲ್ಲ ಎಂಬುದು ಮಕ್ಕಳಿಗೆ ತಿಳಿಯುವುದೇ ಪೂರ್ತಿ ವಾಕ್ಯ ಬರೆಯಲು ಕೂತಾಗ. ಪಾಯಿಂಟ್ಸ್ ಬರೆದರೆ ಆ ಗೋಜೇ ಇಲ್ಲ.

ಇದಕ್ಕೊಂದು ದಾರಿಯೂ ಇದೆ. ನ್ಯೂಯಾರ್ಕ್‌ನ ನ್ಯೂ ಡಾರ್ಪ್ ಎಂಬ ಪ್ರೌಢಶಾಲೆ ಕಲಿಕೆಯಲ್ಲಿ ಹಿಂದೆ ಬಿದ್ದಿತ್ತು. ಅಲ್ಲಿ ಶಿಕ್ಷಣತಜ್ಞೆ ಜುಡಿತ್ ಹಾಕ್‌ಮನ್ ರೂಪಿಸಿದ ಬರವಣಿಗೆಯ ವಿಧಾನ ತಂದರು. ಪಾಠದ್ದೇ ಅರ್ಧ ವಾಕ್ಯ ಕೊಡುವುದು. ‘ಏಕೆಂದರೆ’, ‘ಆದರೆ’, ‘ಆದ್ದರಿಂದ’ ಹಾಕಿ ಮೂರು ಬಗೆಯಲ್ಲಿ ಮುಗಿಸು ಎನ್ನುವುದು. ರಸಾಯನಶಾಸ್ತ್ರದ ತರಗತಿಯಲ್ಲೂ ಬರೆಸಿದರು. ನಮ್ಮಲ್ಲೂ ಮಾಡಬಹುದು: ಪಿರಿಯಡ್ಡಿನ ಕೊನೆಯ ಐದು ನಿಮಿಷ ಸಾಕು, ಕಾಸಿನ ಖರ್ಚಿಲ್ಲ.

ಇದನ್ನು ಪರಿಚಯದ ವಿಜ್ಞಾನ ಶಿಕ್ಷಕರೊಬ್ಬರಿಗೆ ಹೇಳಿದೆ. ‘ವಾಕ್ಯ ಕಲಿಸೋದು ಕನ್ನಡ ಮೇಷ್ಟ್ರ ಕೆಲಸ ಸಾರ್’ ಎಂದು ನಕ್ಕರು. ಕನ್ನಡ ಮೇಷ್ಟ್ರಿಗೆ ಸಂಧಿ, ಸಮಾಸದ ಒಂದು ಅಂಕದ ಪ್ರಶ್ನೆಗಳೇ ಇನ್ನೂ ಮುಗಿದಿಲ್ಲ.