ಹರಿಯುವ ನೀರಿಗೆ ಒಡೆಯರಿಲ್ಲ

‘ಕಾವೇರಿ ನಮ್ಮದು’ ಎಂಬ ಘೋಷಣೆ ಈಸ್ಟ್ ತಮಾಕಿಯ ನಮ್ಮ ಮನೆಗಳಲ್ಲಿಯೂ ಕೇಳಿಬರುತ್ತದೆ. ಈ ‘ನಮ್ಮದು’ ಒಡೆತನವೋ, ಹೊಣೆಯೋ?

ಗಾಳಿ, ಹರಿಯುವ ನೀರು, ಕಡಲು ಸರ್ವರಿಗೂ ಸೇರಿದವೆಂದು ರೋಮನ್ ಚಕ್ರವರ್ತಿ ಜಸ್ಟಿನಿಯನ್ನನ ನ್ಯಾಯಗ್ರಂಥವು 533ರಲ್ಲಿಯೇ ಸಾರಿತು. ಅಂತರರಾಜ್ಯ ನದಿಗೆ ಯಾವೊಂದು ರಾಜ್ಯವೂ ಒಡೆಯನಲ್ಲವೆಂದು 2018ರಲ್ಲಿ ಭಾರತದ ಸರ್ವೋಚ್ಚ ನ್ಯಾಯಾಲಯವೂ ಹೇಳಿತು. ಆದರೆ ಅದೇ ತೀರ್ಪು ಕರ್ನಾಟಕದ ಪಾಲನ್ನು 14.75 ಟಿಎಂಸಿಯಷ್ಟು ಹೆಚ್ಚಿಸಿತು. ಒಡೆತನ ಬಿಟ್ಟರೆ ಪಾಲು ಹೋಗದು.

ನಾವು ನೆಲೆಸಿರುವ ಈ ದೇಶವು 2017ರಲ್ಲಿ ವಾಂಗನೂಯಿ ನದಿಯನ್ನೇ ಕಾನೂನಿನ ದೃಷ್ಟಿಯಲ್ಲಿ ವ್ಯಕ್ತಿಯೆಂದು ಮನ್ನಿಸಿ, ಅದರ ಪರ ಮಾತನಾಡಲು ಇಬ್ಬರನ್ನು ನೇಮಿಸುವ ವ್ಯವಸ್ಥೆ ಮಾಡಿತು. ಕಾವೇರಿಯನ್ನು ತಾಯಿಯೆನ್ನುವ ನಾವೋ, ಬೆಂಗಳೂರಿನ ಕೊಳಚೆಯನ್ನು ವೃಷಭಾವತಿ, ಅರ್ಕಾವತಿಗಳ ಮೂಲಕ ಆಕೆಯ ಮಡಿಲಿಗೇ ಸುರಿಯುತ್ತಿದ್ದೇವೆ. ಮಕ್ಕಳಿಗೆ ಘೋಷಣೆಯನ್ನು ಕಲಿಸುವ ಮೊದಲು ಈ ಲಜ್ಜೆಯನ್ನು ತಿಳಿಸೋಣ.